ಅವ್ವನ ಗುರಿ ಸಣ್ಣದಾಗಬೇಕಿಲ್ಲ

ಡಿಸೆಂಬರ್ ಕೊನೆಯ ವಾರ ಬೆಳಗಾವಿಯ ಕ್ಯಾಂಪಿನಲ್ಲಿ ‘ಓಲ್ಡ್ ಮ್ಯಾನ್’ ಬೊಂಬೆಗಳು ಮಾರಾಟಕ್ಕೆ ಬರುತ್ತವೆ. 31ರ ನಡುರಾತ್ರಿ ಹುಡುಗರು ಅವನ್ನು ಸುಟ್ಟು ಹಳೇ ವರ್ಷವನ್ನು ಕಳಿಸಿಕೊಡುತ್ತಾರೆ. ಅದೇ ವಾರ ಪತ್ರಿಕೆಗಳ ಮಹಿಳಾ ಪುರವಣಿಗಳಲ್ಲಿ, ಫೋನಿನ ವಿಡಿಯೊಗಳಲ್ಲಿ ಬಿಡುವಿಲ್ಲದ ತಾಯಂದಿರಿಗೆ ಉಪದೇಶ ಶುರುವಾಗುತ್ತದೆ. ಹೊಸ ವರ್ಷಕ್ಕೆ ದೊಡ್ಡ ಕನಸು ಬೇಡ, ಕೈಗೆಟುಕುವ ಗುರಿ ಇರಲಿ. ದಿನಕ್ಕೆ ಹತ್ತು ನಿಮಿಷ ನಿಮಗಾಗಿ ಎತ್ತಿಡಿ. ಮನೆಯವರು ಏಳುವ ಮೊದಲೇ, ಐದಕ್ಕೆ ಎದ್ದುಬಿಡಿ. ಕೇಳುವುದಕ್ಕೆ ಕಾಳಜಿಯ ಮಾತು. ಆದರೆ ನನ್ನ ಪ್ರಕಾರ ಇದು ತಪ್ಪು ಸಲಹೆ. ಇದನ್ನು ನಂಬಿದವಳಿಗೆ ನಷ್ಟವೇ ಹೆಚ್ಚು.

ಈ ಸಲಹೆಯ ಬೇರು ಇರುವುದು ಕಂಪನಿಗಳ ಕಚೇರಿಯಲ್ಲಿ. 1981ರ ನವೆಂಬರಿನಲ್ಲಿ ಜಾರ್ಜ್ ಡೊರಾನ್ ಎಂಬ ಅಮೆರಿಕದ ಸಲಹೆಗಾರ ‘ಮ್ಯಾನೇಜ್‌ಮೆಂಟ್ ರಿವ್ಯೂ’ ಪತ್ರಿಕೆಯಲ್ಲಿ ಗುರಿಗಳನ್ನು ಹೇಗೆ ಬರೆಯಬೇಕೆಂದು ಒಂದು ಪುಟ್ಟ ಲೇಖನ ಬರೆದ. ಈಗ ಎಲ್ಲರ ಬಾಯಲ್ಲೂ ಇರುವ ‘ಸ್ಮಾರ್ಟ್’ ಗುರಿ ಹುಟ್ಟಿದ್ದು ಅಲ್ಲಿ. ಅವನು ಹೇಳಿದ್ದು ಐದು ಷರತ್ತು. ಗುರಿ ಸ್ಪಷ್ಟವಾಗಿರಬೇಕು, ಅಳೆಯುವಂತಿರಬೇಕು, ಅದಕ್ಕೊಂದು ಗಡುವು ಇರಬೇಕು. ಈ ಮೂರನ್ನು ಎಲ್ಲರೂ ಬಲ್ಲರು. ಉಳಿದೆರಡರಲ್ಲಿ ಒಂದು, ಕೆಲಸವನ್ನು ಯಾರು ಮಾಡುತ್ತಾರೆಂದು ಗೊತ್ತುಮಾಡಿರಬೇಕು. ಇನ್ನೊಂದು, ಕೈಯಲ್ಲಿರುವ ಸಂಪನ್ಮೂಲದಲ್ಲಿ ಅದು ಆಗುವಂತಿರಬೇಕು. ಅಂದರೆ ಗುರಿ ಕೊಡುವವನೇ ಆಳು, ಹಣ, ಹೊತ್ತು ಎಷ್ಟಿವೆ ಎಂದು ಲೆಕ್ಕ ಹಾಕಬೇಕು. ಮುಂದೆ ಈ ಸೂತ್ರ ಆಫೀಸಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ‘ಯಾರು ಮಾಡುತ್ತಾರೆ’ ಎಂಬುದು ಬಿಟ್ಟುಹೋಗಿ, ಆ ಜಾಗಕ್ಕೆ ‘ಸಾಧಿಸಲು ಆಗುವಂಥದ್ದು’ ಬಂದು ಕೂತಿತು. ಸಂಪನ್ಮೂಲದ ಲೆಕ್ಕವನ್ನೂ ಯಾರೂ ಕೇಳಲಿಲ್ಲ. ಕೊನೆಗೆ ತಾಯಿಯ ಪಾಲಿಗೆ ಉಳಿದದ್ದು ಒಂದೇ ದಾರಿ, ಆಸೆಯನ್ನು ಕುಗ್ಗಿಸಿಕೊಳ್ಳುವುದು.

ಅವಳ ಕೈಯಲ್ಲಿ ಹೊತ್ತು ಎಷ್ಟಿದೆ? ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಇದನ್ನು ಅಳೆದಿದೆ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು 2019ರಲ್ಲಿ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. 2024ರಲ್ಲಿ ಹೆಂಗಸರದು 289ಕ್ಕೆ ಇಳಿಯಿತು, ಗಂಡಸರದು 88ಕ್ಕೆ. ಐದು ವರ್ಷದಲ್ಲಿ ಅವಳಿಗೆ ಉಳಿದದ್ದು ಹತ್ತು ನಿಮಿಷ. ಅದೂ ಗಂಡಸು ಹೆಗಲು ಕೊಟ್ಟದ್ದರಿಂದ ಉಳಿದದ್ದಲ್ಲ, ಅವನ ಪಾಲೂ ಇಳಿದಿದೆ. ಮಕ್ಕಳ, ಹಿರಿಯರ ಆರೈಕೆ ಈ ಲೆಕ್ಕದಿಂದ ಹೊರಗೆ, ಅದು ಬೇರೆ. ಇಂಥವಳಿಗೆ ‘ಐದಕ್ಕೆ ಏಳಿ’ ಎಂದರೆ ನಿದ್ದೆಯಲ್ಲೇ ಕಡಿತ ಮಾಡಿ ಎಂದಂತೆ. ಅವಳ ದಿನದಲ್ಲಿ ಯಾರಿಗೂ ಸೇರದೆ ಉಳಿದಿರುವುದು ನಿದ್ದೆಯೊಂದೇ, ಉಪದೇಶಿಗಳು ಅದಕ್ಕೂ ಕೈಹಾಕಿದ್ದಾರೆ.

ಬೆಳಗಾವಿಯಲ್ಲಿ ಹೊತ್ತಿನ ಒಡೆತನ ಯಾರದ್ದೆಂದು ನೀರಿನ ನಳವನ್ನು ನೋಡಿದರೆ ಸಾಕು, ತಿಳಿಯುತ್ತದೆ. ನಗರದ 58 ವಾರ್ಡುಗಳ ಪೈಕಿ 10ಕ್ಕೆ 2008ರ ಹೊತ್ತಿಗೆ ಪ್ರಾಯೋಗಿಕವಾಗಿ ಹಗಲೂ ರಾತ್ರಿ ನೀರು ಬಂತು. ಉಳಿದ ವಾರ್ಡುಗಳಲ್ಲಿ ಮುಂದೆ ಎಷ್ಟೋ ವರ್ಷ ಕೆಲವು ದಿನಕ್ಕೊಮ್ಮೆ ಬರುವ ನೀರಿಗೇ ಕಾಯಬೇಕಾಯಿತು. ‘ಇವತ್ತ ನಳಾ ಬರತಾವ’ ಎಂದರೆ ಆ ದಿನ ಅವಳು ಎಲ್ಲಿಗೂ ಹೋಗುವಂತಿಲ್ಲ. ಕೊಡ, ಬಕೆಟ್, ಟಾಕಿ ತುಂಬಬೇಕು, ತುಂಬಿದ ಮೇಲೆ ಬಟ್ಟೆ ಒಗೆಯಬೇಕು. ಒಂದೇ ಊರಿನ ಇಬ್ಬರು ತಾಯಂದಿರು ಜನವರಿ ಒಂದಕ್ಕೆ ‘ದಿನಾ ಅರ್ಧ ತಾಸು ನಡೀತೀನಿ’ ಎಂದು ಒಂದೇ ಗುರಿ ಇಟ್ಟುಕೊಂಡರೆನ್ನಿ. ಒಬ್ಬಳು ಆ ಹತ್ತು ವಾರ್ಡಿನವಳು, ಇನ್ನೊಬ್ಬಳು ಹೊರಗಿನವಳು. ಮಾರ್ಚ್ ಹೊತ್ತಿಗೆ ಎರಡನೆಯವಳು ಕೈಬಿಟ್ಟರೆ ನಾವು ಅವಳ ಮನೋಬಲವನ್ನು ಆಡಿಕೊಳ್ಳುತ್ತೇವೆ. ನೀರಿನ ಪೈಪು ಯಾರ ಮನೆಗೆ ಹೇಗೆ ಬಂದಿದೆ ಎಂದು ಕೇಳುವುದಿಲ್ಲ.

ಈ ಮಾತಿಗೆ ಇನ್ನೂ ಗಟ್ಟಿ ಸಾಕ್ಷಿ ಬಸ್ಸಿನಲ್ಲಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದರ ಹೋಯಿತು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೆಂಗಸರ ದಂಡೇ ಹೊರಟಿತು, ಅದನ್ನು ನೋಡಿ ನಕ್ಕವರೂ ಇದ್ದರು. ನಾನು ಅದನ್ನು ಬೇರೆ ರೀತಿ ಓದುತ್ತೇನೆ. ಜೂನ್ 10ರಂದು ಅವರಲ್ಲಿ ಅದೆಷ್ಟೋ ಜನಕ್ಕೆ ಕೈಗೆಟುಕುವ ಗುರಿ ಎಂದರೆ ಮನೆಯಲ್ಲೇ ದೀಪ ಹಚ್ಚಿ ಕೈಮುಗಿಯುವುದು. ಮರುದಿನ ಗುಡ್ಡವೇ ಕೈಗೆಟುಕಿತು. ಒಂದು ರಾತ್ರಿಯಲ್ಲಿ ಯಾರ ಛಲವೂ ಹೆಚ್ಚಿರಲಿಲ್ಲ, ಗಂಡನ ಹತ್ತಿರ ಬಸ್ಸಿನ ದುಡ್ಡು ಕೇಳುವುದು ತಪ್ಪಿತ್ತು, ಅಷ್ಟೆ. ಹಾಗೆಂದು ಇದು ಎಲ್ಲರಿಗೂ ತಲುಪಿದೆ ಎನ್ನಲಾರೆ. ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನೊಳಗೆ ಆಮಗಾಂವದಂಥ ಊರುಗಳಿವೆ, ಮಳೆಗಾಲದಲ್ಲಿ ಅಲ್ಲಿಂದ ರೋಗಿಯನ್ನೇ ಹೊತ್ತು ತರಬೇಕು. ಬಸ್ಸು ಹೋಗದ ಊರಿಗೆ ಉಚಿತ ಬಸ್ಸಿನಿಂದ ಏನಾಗಬೇಕು?

ಖಾನಾಪುರದ ಮಾತು ಬಂದಿತಲ್ಲ, ಜನವರಿ ಒಂದು ಎಂಬ ದಿನವೇ ಅಲ್ಲಿಯವಳ ವರ್ಷಕ್ಕೆ ಹೊಂದುವುದಿಲ್ಲ. ಅವಳ ವರ್ಷ ತಿರುಗುವುದು ಜೂನ್‌ನಲ್ಲಿ. ಮಲಪ್ರಭೆ ಹುಟ್ಟುವ ಕಣಕುಂಬಿ ಕಡೆ ಮಳೆ ಹಿಡಿಯುತ್ತದೆ, ಭತ್ತದ ಕೆಲಸ ಶುರುವಾಗುತ್ತದೆ, ಅದೇ ಹೊತ್ತಿಗೆ ಶಾಲೆಯೂ ತೆರೆಯುತ್ತದೆ. ಬೆಳಗಾವಿಯವಳಿಗೂ ಜನವರಿ ಹೊಸದಲ್ಲ. ಮಕ್ಕಳ ವಾರ್ಷಿಕ ಪರೀಕ್ಷೆ ಎದುರಿಗೇ ಇರುತ್ತದೆ. ‘ನಂದೇನ್ ಬಿಡ್ರಿ ವೈನಿ, ಮೊದಲ ಹುಡುಗನ ಎಸ್ಸೆಸ್ಸೆಲ್ಸಿ ಮುಗೀಲಿ’ ಎನ್ನುವವಳು ನೆಪ ಹೇಳುತ್ತಿಲ್ಲ, ತನ್ನ ಪಂಚಾಂಗವನ್ನು ಓದಿ ಹೇಳುತ್ತಿದ್ದಾಳೆ.

ಸಣ್ಣ ಹೆಜ್ಜೆಯಿಂದಲೇ ಅಭ್ಯಾಸ ಕೂಡುತ್ತದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಜೇಮ್ಸ್ ಕ್ಲಿಯರ್ 2018ರಲ್ಲಿ ಬರೆದ ‘ಅಟಾಮಿಕ್ ಹ್ಯಾಬಿಟ್ಸ್’ ಓದಿ ಬದಲಾದವರಿದ್ದಾರೆ. ಆಲಸ್ಯ ಅಡ್ಡಬಂದವನಿಗೆ ಅದು ಒಳ್ಳೇ ಮದ್ದು. ಮನೆ ಬದಲಾಗುವ ತನಕ ಅವಳು ಸುಮ್ಮನೆ ಕೂರಬೇಕೇ ಎಂದು ಕೇಳಿದರೂ ನ್ಯಾಯವೇ. ಕೂರಬೇಕಿಲ್ಲ. ಎರಡು ಪುಟ ಓದಿದರೆ ಎರಡು ಪುಟದ ಲಾಭವಂತೂ ಇದೆ. ಆದರೆ ತಾಯಿಗೆ ಅಡ್ಡಬಂದಿರುವುದು ಆಲಸ್ಯವಲ್ಲ. ವಡಗಾವಿ, ಖಾಸಬಾಗದ ನೇಕಾರರ ಮನೆಗಳಲ್ಲಿ ಅಡುಗೆಯ ನಡುವೆ ಕಂಡಿಕೆ ಸುತ್ತುವವಳು ಅವಳೇ. ಸೀರೆಯ ಕೂಲಿ ಲೆಕ್ಕವಾಗುವಾಗ ಅವಳ ಹೆಸರು ಅದರಲ್ಲಿರುವುದು ಅಪರೂಪ. ಅವಳಿಗೆ ಶಿಸ್ತು ಕಲಿಸುವ ಯೋಗ್ಯತೆ ನಮ್ಮಲ್ಲಿ ಯಾರಿಗಿದೆ?

ಬೇರೆ ದಾರಿ ಈ ಜಿಲ್ಲೆಯಲ್ಲೇ ಇದೆ. ಖಾನಾಪುರದ ಹಳ್ಳಿಗಳಲ್ಲಿ ಜಾಗೃತಿ ಮಹಿಳಾ ಒಕ್ಕೂಟದ ಹೆಂಗಸರು ಉದ್ಯೋಗ ಖಾತರಿಯ ಕೆಲಸವನ್ನು ಒಬ್ಬೊಬ್ಬರೇ ಬೇಡಲಿಲ್ಲ, ಗುಂಪಾಗಿ ಪಂಚಾಯಿತಿಯನ್ನು ಕೇಳಿದರು. 2005ರ ಆ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ನಿಯಮವಿತ್ತು. ಕೆಲಸದ ಜಾಗಕ್ಕೆ ತಾಯಂದಿರ ಜೊತೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಉಳಿದವರಷ್ಟೇ ಕೂಲಿ ಕೊಡಬೇಕು. ಕೂಸು ನೋಡಿಕೊಳ್ಳುವುದೂ ಕೆಲಸವೇ ಎಂದು ಸರ್ಕಾರ ಕಾಗದದ ಮೇಲೆ ಒಪ್ಪಿತ್ತು. 2023–24ರಲ್ಲಿ ರಾಜ್ಯ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ ತೆರೆಯಲು ಹೊರಟದ್ದೂ ಇದೇ ತಿಳಿವಳಿಕೆಯಿಂದ. ಒಂದು ಕೂಸಿನ ಮನೆ ನೆಟ್ಟಗೆ ನಡೆದರೆ ಆ ಊರಿನ ಇಪ್ಪತ್ತು ತಾಯಂದಿರ ಗುರಿಗಳು ಒಟ್ಟಿಗೇ ದೊಡ್ಡದಾಗುತ್ತವೆ. ಯಾವ ಡೈರಿಯೂ ಆ ಕೆಲಸ ಮಾಡಲಾರದು.

ಮನೆಯೊಳಗೂ ಹಾಗೇ ಆಗಬೇಕು. ಅರ್ಧಕ್ಕೆ ಬಿಟ್ಟ ಬಿ.ಎ. ಮುಗಿಸುವ ಆಸೆ ಇದ್ದವಳು ‘ದಿನಕ್ಕೆ ಎರಡು ಪುಟ’ ಎಂದು ಬರೆದುಕೊಳ್ಳುವುದು ಬೇಡ. ‘ಬಿ.ಎ. ಮುಗಿಸುತ್ತೇನೆ’ ಎಂದೇ ಬರೆಯಲಿ. ಅದರ ಕೆಳಗೆ ಮನೆಯವರ ಹೆಸರುಗಳನ್ನೂ ಬರೆಯಲಿ. ನಳಾ ಬಂದ ದಿನ ನೀರು ತುಂಬುವುದು ಒಂಬತ್ತನೆಯ ಇಯತ್ತೆಯ ಮಗ. ರಾತ್ರಿ ರೊಟ್ಟಿಯ ಹೊತ್ತು ವಾರಕ್ಕೆ ಮೂರು ದಿನ ಗಂಡನದು. ಬಡಿಯಲು ಬಾರದಿದ್ದರೆ ಅನ್ನ ಮಾಡಲಿ. ಪರೀಕ್ಷೆಯ ತಿಂಗಳು ಅತ್ತೆಯ ಔಷಧಿಯನ್ನು ನೆನಪಿಟ್ಟುಕೊಂಡು ಕೊಡುವುದು ಮೈದುನ. ಈ ಕಾಗದವನ್ನು ಅವಳ ಡೈರಿಯೊಳಗೆ ಬಚ್ಚಿಡದೆ ಅಡುಗೆಮನೆಯ ಗೋಡೆಗೆ ಹಚ್ಚಲಿ. ಫೆಬ್ರುವರಿಯಲ್ಲಿ ಗುರಿ ತಪ್ಪಿತೆಂದರೆ, ಯಾರ ಪಾಲು ಎಲ್ಲಿ ತಪ್ಪಿತೆಂದು ಆ ಗೋಡೆಯ ಮುಂದೆ ಎಲ್ಲರೂ ನಿಂತು ಓದಬಹುದು.