ಎರಡು ತಿಂಗಳ ಫೆಲೋಶಿಪ್, ಹನ್ನೆರಡು ತಿಂಗಳ ಕೆರೆ

ವಿಮಾನಪುರದಿಂದ ಯಮಲೂರು ಕೋಡಿಗೆ ಹೋಗಲು ವಿಳಾಸ ಕೇಳಬೇಕಿಲ್ಲ, ಮೂಗೇ ಕರೆದೊಯ್ಯುತ್ತದೆ. ಅಲ್ಲಿ ಬೆಳ್ಳಂದೂರು ಕೆರೆಯ ನೀರನ್ನು ಗುಳ್ಳೆ ಸೇರದಂತೆ ಗಾಜಿನ ಬಾಟಲಿಗೆ ತುಂಬಿ, ದಡದಲ್ಲೇ ಮ್ಯಾಂಗನಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೊಡೈಡ್ ಬಿಡಬೇಕು. ಕಂದು ಗಷ್ಟು ಕೂತರೆ ನೀರಲ್ಲಿ ಆಮ್ಲಜನಕ ಇದೆ; ಬಿಳಿಯಾಗೇ ಉಳಿದರೆ ಇಲ್ಲ. ಆ ಬಿಳಿಯನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಮುಂದೆ ಯಾವ ಕೆಲಸಕ್ಕೆ ಸೇರಿದರೂ ಅದನ್ನು ಮರೆಯುವುದಿಲ್ಲ.

ಹೀಗೆ ಕೈಯಾರೆ ಮಾಡಿ ಕಲಿಸುವುದೇ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿನ ದೊಡ್ಡ ಗುಣ. ತಾಲ್ಲೂಕು ಕಾಲೇಜಿನ ಬಿಎಸ್ಸಿ ಹುಡುಗಿ ಎರಡು ತಿಂಗಳು ಐಐಎಸ್ಸಿ ಎಂಬ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಂಥ ಕಡೆ ಕೂತು ಕೆಲಸ ಕಲಿಯಬಹುದು. ಮಾರ್ಗದರ್ಶಕರ ಒಂದು ಶಿಫಾರಸು ಪತ್ರಕ್ಕೆ ಪಿಎಚ್‌ಡಿಯ ಬಾಗಿಲು ತೆರೆಯುವ ಶಕ್ತಿಯಿದೆ. ಇದನ್ನು ಹಗುರ ಮಾಡಲಾರೆ.

ಆದರೆ ಕೆರೆಗೆ ಬೇಸಿಗೆ ರಜೆ ಇಲ್ಲ. ಬಹುಪಾಲು ಮಕ್ಕಳು ಕಾಲೇಜು ಮುಚ್ಚಿದಾಗ ಬರುತ್ತಾರೆ, ತೆರೆಯುವಾಗ ಹೊರಡುತ್ತಾರೆ. ಆದರೆ ಸೇನೆಯನ್ನೇ ಕರೆಸಬೇಕಾದ ಬೆಂಕಿ ಬೆಳ್ಳಂದೂರು ಕೆರೆಗೆ ಬಿದ್ದದ್ದು ಅವರು ಇಲ್ಲದ ಹೊತ್ತಿನಲ್ಲಿ, 2018ರ ಜನವರಿಯಲ್ಲಿ. ಅದರ ಹಿಂದಿನ ವರ್ಷದ್ದು ಫೆಬ್ರವರಿಯಲ್ಲಿ. ಮಳೆಯ ನೀರು ಕೋಡಿಯಲ್ಲಿ ಧುಮುಕಿ, ಡಿಟರ್ಜೆಂಟ್ ಕಲಕಿ, ನೊರೆ ರಸ್ತೆಗೆ ಹಾರುವ ಹೊತ್ತಿಗೆ ಆ ವರ್ಷದ ವರದಿ ಬೈಂಡ್ ಆಗಿ ಕಪಾಟು ಸೇರಿರುತ್ತದೆ. ಹೀಗೆ ಕಲಿತವರಿಗೆ ವಿಧಾನ ಬರುತ್ತದೆ, ಕೆರೆ ಬರುವುದಿಲ್ಲ. ಅವರಲ್ಲಿ ಕೆಲವರು ಆಮೇಲೆ ಅದೇ ಕೆರೆ ಕಾಣುವ ರಿಂಗ್ ರೋಡಿನ ಗಾಜಿನ ಕಟ್ಟಡದಲ್ಲಿ ಕೂತು ಕಂಪನಿಯ ಪರಿಸರ ವರದಿ ಬರೆದರೆ ಆಶ್ಚರ್ಯಪಡಬೇಕಿಲ್ಲ. ತಪ್ಪೇನಲ್ಲ, ಸಂಬಳ ಯಾರಿಗೆ ಬೇಡ?

ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ ದಾರಿಯನ್ನು ಇದರ ಪಕ್ಕ ಇಟ್ಟು ನೋಡಿ. ಮಾಧವ ಗಾಡ್ಗೀಳರ ಬಳಿ ಪಶ್ಚಿಮ ಘಟ್ಟದ ಬಗ್ಗೆ ಪಿಎಚ್‌ಡಿ ಮಾಡಿದವರು ಆಮೇಲೆ ಬೆಂಗಳೂರಿನ ಮರಗಳಿಗೆ, ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೆ ಬಂದರು. 2016ರಲ್ಲಿ ಈ ಊರಿನ ನಿಸರ್ಗದ ಬಗ್ಗೆ ಪುಸ್ತಕವನ್ನೇ ಬರೆದರು. ಎರಡು ತಿಂಗಳಲ್ಲಿ ಇಂಥದ್ದು ಕೈಗೂಡುವುದಿಲ್ಲ, ವರ್ಷಗಟ್ಟಲೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು.

ಅಕಾಡೆಮಿಗಳಿಗೆ ನನ್ನ ಕೋರಿಕೆ ಸಣ್ಣದು. ಕೆರೆ, ಹೊಳೆ, ಕಾಡು ಆರಿಸಿಕೊಂಡವರ ಎರಡು ತಿಂಗಳನ್ನು ನಾಲ್ಕು ತುಂಡು ಮಾಡಿ, ಒಂದೊಂದು ಋತುವಿಗೆ ಹದಿನೈದು ದಿನ ಕೊಡಿ. ಬಸ್ ಚಾರ್ಜು ಸ್ವಲ್ಪ ಹೆಚ್ಚಾದೀತು, ಅಷ್ಟೆ.