ಮರದ ಕುದುರೆಗೆ ನೆನಪಿರುವ ಚರಿತ್ರೆ

ಮೆರಿ-ಗೋ-ರೌಂಡಿನ ಮರದ ಕುದುರೆ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ, ಸವಾರರ ಅಭ್ಯಾಸಕ್ಕಾಗಿ. ಓಡುವ ಕುದುರೆಯ ಮೇಲೆ ಕುಳಿತು, ತೂಗುಬಿಟ್ಟ ಬಳೆಯನ್ನು ಭರ್ಜಿಯ ತುದಿಗೆ ಸಿಕ್ಕಿಸುವ ಪಂದ್ಯ ಯುರೋಪಿನ ಅರಮನೆಗಳಲ್ಲಿತ್ತು. ನಡುಗಂಬದ ಸುತ್ತ ತಿರುಗುವ ಮರದ ಕುದುರೆ ಈ ಪಂದ್ಯಕ್ಕೆ ಕೈ ಪಳಗಿಸಿಕೊಳ್ಳುವ ಸಾಧನವಾಗಿತ್ತು. 1662ರ ಜೂನ್‌ನಲ್ಲಿ ಹದಿನಾಲ್ಕನೇ ಲೂಯಿ ಪ್ಯಾರಿಸ್ಸಿನಲ್ಲಿ ಇಂಥದೊಂದು ಮಹಾಪಂದ್ಯ ನಡೆಸಿದ. ಸರದಾರರು ರೋಮನ್, ಪರ್ಷಿಯನ್, ತುರ್ಕಿ, ಇಂಡಿಯನ್, ಅಮೆರಿಕನ್ ಎಂದು ಐದು ತಂಡಗಳಾಗಿ ವೇಷ ಕಟ್ಟಿದರು. ರೋಮನ್ ಚಕ್ರವರ್ತಿಯ ವೇಷ ದೊರೆಯದೇ. ಇಂದಿನ ಮೆರಿ-ಗೋ-ರೌಂಡುಗಳಲ್ಲಿ ಆ ಬಳೆ ಬಹುಪಾಲು ಮಾಯವಾಗಿದೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಕಡಲತೀರದಲ್ಲಿ 1911ರಿಂದ ತಿರುಗುತ್ತಿರುವ ಲೂಫ್ ಮೆರಿ-ಗೋ-ರೌಂಡಿನಲ್ಲಿ ಇನ್ನೂ ಹೊರಸಾಲಿನ ಸವಾರರು ಕೈಚಾಚಿ ಲೋಹದ ಬಳೆ ಕಿತ್ತುಕೊಂಡು, ಗೋಡೆಯ ಮೇಲೆ ಬಿಡಿಸಿದ ಕೋಡಂಗಿಯ ಬಾಯಿಗೆ ಎಸೆಯುತ್ತಾರೆ. ಭರ್ಜಿ ಹೋಗಿದೆ, ಕೈಚಳಕ ಉಳಿದಿದೆ. ಈ ಚರಿತ್ರೆಯನ್ನು ಯಾರೂ ಬೋರ್ಡು ಬರೆದು ಹೇಳಬೇಕಾಗಿಲ್ಲ. ಯಂತ್ರದ ಕಟ್ಟೋಣವೇ ಅದನ್ನು ಕಾಪಾಡಿಕೊಂಡಿದೆ.

ರೋಲರ್ ಕೋಸ್ಟರಿನ ಮೂಲ ಎರಡು ಕಡೆ. ರಷ್ಯಾದ ಚಳಿಗಾಲದಲ್ಲಿ ಮರದ ಚೌಕಟ್ಟಿನ ಮೇಲೆ ನೀರು ಸುರಿದು ಹೆಪ್ಪುಗಟ್ಟಿಸಿದ ಜಾರುಬಂಡೆ ಒಂದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1827ರಲ್ಲಿ ಗಣಿಯಿಂದ ಕಲ್ಲಿದ್ದಲು ಇಳಿಸಲು ಹಾಕಿದ ಮಾಕ್ ಚಂಕ್ ಹಳಿ ಇನ್ನೊಂದು. ಮಾಕ್ ಚಂಕ್‌ನಲ್ಲಿ ತುಂಬಿದ ಬಂಡಿ ಇಳಿಜಾರಿನಲ್ಲಿ ತಾನೇ ಇಳಿಯುತ್ತಿತ್ತು. ಖಾಲಿ ಬಂಡಿಯನ್ನು ಮೇಲಕ್ಕೆಳೆಯಬೇಕಿದ್ದ ಹೇಸರಗತ್ತೆಗಳು ಇಳಿಯುವಾಗ ಬಂಡಿಯಲ್ಲೇ ನಿಂತು ಬರುತ್ತಿದ್ದವು. ಮುಂದೆ ಕಲ್ಲಿದ್ದಲಿಗೆ ಬೇರೆ ದಾರಿಯಾದಾಗ ಆ ಹಳಿ ಪ್ರವಾಸಿಗರ ಪಾಲಾಯಿತು. ಲಾಮಾರ್ಕಸ್ ಥಾಂಪ್ಸನ್ 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಐದು ಸೆಂಟ್ ದರಕ್ಕೆ ಓಡಿಸಿದ ಬಂಡಿಯ ವೇಗ ಗಂಟೆಗೆ ಸುಮಾರು ಆರು ಮೈಲಿಯಷ್ಟೇ. ಅಲ್ಲೇ 1927ರಲ್ಲಿ ಎದ್ದ ‘ಸೈಕ್ಲೋನ್’ ಇಂದಿಗೂ ಓಡುತ್ತಿದೆ.

ಜಾಯಿಂಟ್ ವೀಲ್‌ನ ಕಥೆಯಲ್ಲಿ ಚರಿತ್ರೆಯ ಜೊತೆಗೆ ಬಡಾಯಿಯೂ ಬೆರೆಯುತ್ತದೆ. ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ 1615ರಲ್ಲೇ ಕಾನ್‌ಸ್ಟಾಂಟಿನೋಪಲಿನ ರಂಜಾನ್ ಹಬ್ಬದಲ್ಲಿ ಮರದ ತಿರುಗುಚಕ್ರ ಏರಿದ್ದನ್ನು ಬರೆದಿದ್ದಾನೆ. ಆದರೆ ಹೆಸರು ಬಂದದ್ದು ಜಾರ್ಜ್ ಫೆರಿಸ್ ಎಂಬ ಎಂಜಿನಿಯರಿಗೆ. 1893ರ ಷಿಕಾಗೊ ವಿಶ್ವಮೇಳಕ್ಕೆ ಆತ ನಿಲ್ಲಿಸಿದ ಚಕ್ರ 264 ಅಡಿ ಎತ್ತರವಿತ್ತು. 36 ಡಬ್ಬಿಗಳು, ಒಂದೊಂದರಲ್ಲಿ 60 ಜನ. ಅದನ್ನು ಕೊಳ್ಳಲು ಹೋದ ಕೋನಿ ಐಲೆಂಡಿನ ಉದ್ಯಮಿ ಜಾರ್ಜ್ ಟಿಲ್ಯು ಬರಿಗೈಯಲ್ಲಿ ಮರಳಿ, 125 ಅಡಿಯ ಚಕ್ರವೊಂದನ್ನು ಮಾಡಿಸಿ, ಜಗತ್ತಿನ ಅತಿ ದೊಡ್ಡ ಚಕ್ರವೆಂದು ಬೋರ್ಡು ಹಾಕಿದ. ಮೇಳಗಳ ಬೋರ್ಡಿನ ಮೇಲಿನ ಅಂಕಿಗಳನ್ನು ಅನುಮಾನದಿಂದ ಓದುವುದು ಲೇಸು. ಮುಂದೆ ಸೇಂಟ್ ಲೂಯಿಗೆ ಸಾಗಿಸಿದ್ದ ಷಿಕಾಗೊದ ಮೂಲಚಕ್ರವನ್ನು 1906ರಲ್ಲಿ ಅಲ್ಲೇ ಡೈನಮೈಟ್ ಇಟ್ಟು ಉರುಳಿಸಿದರು. ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಫೆರಿಸ್ ತೀರಿಹೋಗಿದ್ದ.

ಇವೆಲ್ಲ ಚರಿತ್ರೆಯನ್ನು ತಮಗರಿವಿಲ್ಲದೆ ಹೊತ್ತ ಯಂತ್ರಗಳು. ಚರಿತ್ರೆಯನ್ನೇ ಸರಕಾಗಿಸಿ ಟಿಕೆಟ್ ಮಾರಿದ ಆಟಗಳ ಗುಣ ಬೇರೆ. ಇಪ್ಪತ್ತನೇ ಶತಮಾನದ ಮೊದಲ ದಶಕದ ಕೋನಿ ಐಲೆಂಡಿನಲ್ಲಿ ಪಾಂಪೆ ನಗರ ಜ್ವಾಲಾಮುಖಿಗೆ ಆಹುತಿಯಾಗುತ್ತಿತ್ತು, 1889ರ ಜಾನ್ಸ್‌ಟೌನ್ ಪ್ರವಾಹ ಮತ್ತೆ ಮತ್ತೆ ನುಗ್ಗುತ್ತಿತ್ತು. 1900ರ ಚಂಡಮಾರುತಕ್ಕೆ ಗ್ಯಾಲ್ವೆಸ್ಟನ್ನಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತ ಕೆಲವೇ ವರ್ಷಗಳಲ್ಲಿ ಅದೂ ಒಂದು ಪ್ರದರ್ಶನವಾಯಿತು. ಇನ್ನೂ ವಿಚಿತ್ರವಾದದ್ದು ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಪ್ರದರ್ಶನ. 1900ರ ಫೆಬ್ರವರಿಯಲ್ಲಿ ಪಾರ್ಡೆಬರ್ಗ್‌ನಲ್ಲಿ ಬ್ರಿಟಿಷರಿಗೆ ಶರಣಾದ ಜನರಲ್ ಪೀಟ್ ಕ್ರೋನ್ಯೆ, 1904ರ ಸೇಂಟ್ ಲೂಯಿ ಮೇಳದಲ್ಲಿ ತನ್ನ ಶರಣಾಗತಿಯನ್ನು ತಾನೇ ಅಭಿನಯಿಸಿ ತೋರಿಸಿದ. ಇಲ್ಲಿ ವೇಷವೂ ಸುಳ್ಳಲ್ಲ, ವ್ಯಕ್ತಿಯೂ ಸುಳ್ಳಲ್ಲ; ಆದರೂ ಪ್ರೇಕ್ಷಕನಿಗೆ ದಕ್ಕಿದ್ದು ಗುಂಡಿನ ಸದ್ದು ಮತ್ತು ಹೊಗೆ. ಆ ಯುದ್ಧ ಯಾಕಾಯಿತು, ಯಾರ ನೆಲಕ್ಕಾಗಿ ಆಯಿತು ಎಂಬ ಪ್ರಶ್ನೆಗೆ ಟಿಕೆಟ್ಟಿನಲ್ಲಿ ಜಾಗವಿರಲಿಲ್ಲ.

ದುರಂತವನ್ನು ಆಟವಾಗಿಸುವ ಈ ಚಾಳಿಗೆ ತಕ್ಕ ಪ್ರಸಂಗವೊಂದು ಕೋನಿ ಐಲೆಂಡಿನಲ್ಲೇ ನಡೆಯಿತು. ಡ್ರೀಮ್‌ಲ್ಯಾಂಡ್ ಪಾರ್ಕಿನಲ್ಲಿ ಉರಿಯುವ ಕಟ್ಟಡದಿಂದ ಜನರನ್ನು ಅಗ್ನಿಶಾಮಕರು ಕಾಪಾಡುವ ಪ್ರದರ್ಶನ ಜನಪ್ರಿಯವಾಗಿತ್ತು. 1911ರ ಮೇ 27ರ ಬೆಳಗಿನ ಜಾವ ಅದೇ ಪಾರ್ಕಿನ ‘ನರಕದ್ವಾರ’ ಎಂಬ ದೋಣಿಯಾಟದ ದುರಸ್ತಿ ನಡೆದಿದ್ದಾಗ ದೀಪಗಳು ಕೈಕೊಟ್ಟವು, ಕಾದ ಡಾಂಬರು ಚೆಲ್ಲಿತು, ಬೆಂಕಿ ಹೊತ್ತಿತು. ಮರ ಮತ್ತು ಗಾರೆಯ ಅರಮನೆಗಳೆಲ್ಲ ಬೂದಿಯಾದವು. ಡ್ರೀಮ್‌ಲ್ಯಾಂಡ್ ಮತ್ತೆ ಏಳಲಿಲ್ಲ.

ಇದೇ ಪರಂಪರೆಯ ನಯವಾದ ಕುಡಿ ಫ್ಲಾರಿಡಾದ ಎಪ್‌ಕಾಟ್ ಪಾರ್ಕಿನಲ್ಲಿ 1982ರ ಅಕ್ಟೋಬರ್ 1ರಂದು ತೆರೆದ ‘ಸ್ಪೇಸ್‌ಶಿಪ್ ಅರ್ತ್’. ಸುಮಾರು 180 ಅಡಿ ಎತ್ತರದ ಬೆಳ್ಳಿಗೋಲದ ಒಳಗೆ ಬಂಡಿ ನಿಧಾನವಾಗಿ ಸುರುಳಿ ಏರುತ್ತದೆ. ಗುಹಾಚಿತ್ರ, ಈಜಿಪ್ಟಿನ ಪಪೈರಸ್, ಫಿನೀಷಿಯನ್ ವರ್ತಕರು, ರೋಮಿನ ರಸ್ತೆ, ಉರಿದ ಅಲೆಕ್ಸಾಂಡ್ರಿಯಾ, ಗ್ರಂಥಗಳನ್ನು ಉಳಿಸಿದ ಅರಬ್ ಮತ್ತು ಯಹೂದಿ ವಿದ್ವಾಂಸರು, ಗುಟೆನ್‌ಬರ್ಗ್, ಚಂದ್ರನ ಮೇಲಿನ ಹೆಜ್ಜೆ: ಮನುಷ್ಯ ಮನುಷ್ಯನೊಡನೆ ಮಾತಾಡಿದ ಕಥೆಯೆಲ್ಲ ಕಾಲು ಗಂಟೆಯಲ್ಲಿ. ಮೂಲ ನಿರೂಪಣಾ ಪಠ್ಯಕ್ಕೆ ಲೇಖಕ ರೇ ಬ್ರಾಡ್‌ಬರಿ ನೆರವಾಗಿದ್ದರು. ವಾಲ್ಟರ್ ಕ್ರಾಂಕೈಟ್, ಜೆರೆಮಿ ಐರನ್ಸ್, ಜೂಡಿ ಡೆಂಚ್ ಬೇರೆಬೇರೆ ಕಾಲದಲ್ಲಿ ದನಿ ಕೊಟ್ಟರು. ಕುಶಲತೆಯಲ್ಲಿ ಇದಕ್ಕೆ ಸರಿಗಟ್ಟುವ ಆಟ ವಿರಳ. ಅಲೆಕ್ಸಾಂಡ್ರಿಯಾದ ಸುಟ್ಟ ವಾಸನೆ ಮೂಗಿಗೆ ತಾಕಿದ ಮೇಲೆ ಗ್ರಂಥಾಲಯ ಉರಿಯಿತೆಂಬುದನ್ನು ಮಕ್ಕಳು ಮರೆಯುವುದಿಲ್ಲ. ಪಠ್ಯಪುಸ್ತಕದಿಂದ ಇಷ್ಟು ಸಾಧ್ಯವಿಲ್ಲ.

ಕೊರತೆ ಇರುವುದು ಆಯ್ಕೆಯಲ್ಲಿ. ಅಕ್ಷರಕ್ಕಾಗಿ ಫಿನೀಷಿಯನ್ನರಿಗೆ ಕೃತಜ್ಞರಾಗಿರಬೇಕೆಂದು ಅಲ್ಲಿ ಹೇಳುವ ಮಾತು ಕನ್ನಡ ಓದುಗರಿಗೂ ದೂರದ್ದಲ್ಲ: ಕನ್ನಡ ಲಿಪಿಯ ಮೂಲವಾದ ಬ್ರಾಹ್ಮಿ, ಫಿನೀಷಿಯನ್ನಿನಿಂದ ಬಂದ ಅರಮೇಯಿಕ್‌ನ ಪ್ರಭಾವದಲ್ಲಿ ರೂಪುಗೊಂಡಿತೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಆದರೆ ಬಂಡಿ ಆ ಕವಲಿನತ್ತ ಹೊರಳುವುದಿಲ್ಲ. ಕಾಗದ ಕಂಡುಹಿಡಿದ ಚೀನಾಕ್ಕೆ ಒಂದು ದೃಶ್ಯವಿಲ್ಲ. 868ರಲ್ಲಿ ಅಚ್ಚಾದ ವಜ್ರಸೂತ್ರ, 1377ರಲ್ಲಿ ಲೋಹದ ಅಚ್ಚುಮೊಳೆಗಳಿಂದ ಮುದ್ರಿತವಾದ ಕೊರಿಯಾದ ಜಿಕ್ಜಿ ಎರಡೂ ಗುಟೆನ್‌ಬರ್ಗ್‌ಗಿಂತ ಹಿಂದಿನವು, ಅವಕ್ಕೂ ಜಾಗವಿಲ್ಲ. ಸಂಪರ್ಕವೇ ಮಾನವ ಚರಿತ್ರೆಯ ಬೆನ್ನೆಲುಬು ಎಂಬ ವಾದ ಅಷ್ಟು ಸಲೀಸಾಗಿ ಮಂಡನೆಯಾದದ್ದಕ್ಕೂ ಒಂದು ಹಿನ್ನೆಲೆ ಇದೆ: ಮೊದಲ ಪ್ರಾಯೋಜಕರು ಟೆಲಿಫೋನ್ ಕಂಪನಿಯವರು. ಆಮೇಲೆ ಸೀಮೆನ್ಸ್ ಕಂಪನಿ ಬಂದಾಗ, ಇಳಿಯುವ ದಾರಿಯಲ್ಲಿ ಪರದೆ ಮುಟ್ಟಿ ಪ್ರಶ್ನೆಗಳಿಗೆ ಉತ್ತರಿಸಿ, ಸವಾರರು ತಮ್ಮದೇ ಮುಖವಿರುವ ಭವಿಷ್ಯದ ವ್ಯಂಗ್ಯಚಿತ್ರ ನೋಡುವ ಏರ್ಪಾಡಾಯಿತು. ಏರುವಾಗ ಚರಿತ್ರೆಯಾಗಿದ್ದದ್ದು ಇಳಿಯುವಾಗ ಜಾಹೀರಾತಾಯಿತು.

ಯಂತ್ರ ನೆನಪಿಟ್ಟುಕೊಂಡಿತು, ಪ್ರದರ್ಶನ ಆರಿಸಿಕೊಂಡಿತು. ಮಳಿಗೆಯ ಆಟಗಳು ಮಾತ್ರ ತಮ್ಮ ಹಿಂದಿನದನ್ನು ಪೂರ್ತಿ ಮರೆಸಿವೆ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಹಲವು ದಶಕ ಅಮೆರಿಕದ ಮೇಳಗಳಲ್ಲಿ ‘ಆಫ್ರಿಕನ್ ಡಾಜರ್’ ಎಂಬ ಆಟವಿತ್ತು. ಚಿತ್ರ ಬರೆದ ಪರದೆಯ ತೂತಿನಿಂದ ಕಪ್ಪುಜನಾಂಗದ ಮನುಷ್ಯನೊಬ್ಬ ತಲೆ ಹೊರಹಾಕಿ ನಿಲ್ಲಬೇಕು. ಕಾಸು ಕೊಟ್ಟವರು ಆ ತಲೆಗೆ ಚೆಂಡು ಬೀರಬೇಕು. ಪೆಟ್ಟಿನಿಂದ ತೀವ್ರವಾಗಿ ಗಾಯಗೊಂಡವರೂ ಇದ್ದರು. ಗುರಿಗೆ ಚೆಂಡು ತಾಗಿದರೆ ಹಲಗೆ ಕಳಚಿ, ಮೇಲೆ ಕುಳಿತ ಕಪ್ಪು ಮನುಷ್ಯ ನೀರಿನ ತೊಟ್ಟಿಗೆ ಬೀಳುವ ಆಟ ಅದರ ಮುಂದಿನ ರೂಪ. ಈಗ ಶಾಲೆಗಳ ನಿಧಿಸಂಗ್ರಹದ ಮೇಳಗಳಲ್ಲಿ ಅದೇ ಹಲಗೆಯ ಮೇಲೆ ಮೇಷ್ಟರು ಕುಳಿತು ನಗುತ್ತಾರೆ. ಜಾಯಿಂಟ್ ವೀಲ್‌ನ ಎತ್ತರವನ್ನೂ ಇಸವಿಯನ್ನೂ ಬೋರ್ಡಿನಲ್ಲಿ ಬರೆಸುವ ಮೇಳದವರು, ಆ ಹಲಗೆಯ ಮೇಲೆ ಮೊದಲು ಕುಳಿತವರು ಯಾರೆಂಬುದನ್ನೂ ತೊಟ್ಟಿಯ ಪಕ್ಕದಲ್ಲಿ ಬರೆಸಬೇಕು.