ಮೇಜಿನ ಮೇಲಿನ ಕಿರೀಟ

ನೆದರ್ಲೆಂಡ್ಸಿನ ಪಟ್ಟ ಕೈ ಬದಲಾದ ದಿನದ ಚಿತ್ರೀಕರಣವನ್ನು ನಾನು ಎರಡು ಸಲ ನೋಡಿದ್ದೇನೆ. 2013ರ ಎಪ್ರಿಲ್ 30ರದ್ದು. ಮೊದಲ ಸಲ ಏನೋ ಮೋಸ ಹೋದ ಹಾಗಾಯಿತು. ನಾವು ಬಾಯಿಮಾತಿಗೆ 'ಪಟ್ಟಾಭಿಷೇಕ' ಅನ್ನುತ್ತೇವಲ್ಲ, ಅಲ್ಲಿ ಅಭಿಷೇಕವೂ ಇಲ್ಲ, ತಲೆಗೆ ಕಿರೀಟ ಇಡುವುದೂ ಇಲ್ಲ. ಆಮ್‌ಸ್ಟರ್‌ಡಾಮಿನ 'ಹೊಸ ಇಗರ್ಜಿ'ಯೊಳಗೆ ಕಿರೀಟ, ರಾಜದಂಡ, ಗೋಳ ಎಲ್ಲ ಒಂದು ಮೇಜಿನ ಮೇಲೆ. ಪಕ್ಕದಲ್ಲಿ ಸಂವಿಧಾನದ ಪ್ರತಿ. ಹೊಸ ಅರಸ ವಿಲ್ಲೆಮ್-ಅಲೆಕ್ಸಾಂಡರ್ ನಿಲುವಂಗಿ ಹೊದ್ದು ಬಂದರು, ಸಂಸತ್ತಿನ ಎರಡೂ ಸದನಗಳ ಎದುರು ಪ್ರಮಾಣ ಮಾಡಿದರು, ಹೋದರು. ಕಿರೀಟ ಇದ್ದಲ್ಲೇ ಇತ್ತು. 1840ರಲ್ಲಿ ಮಾಡಿಸಿದ ಆ ಕಿರೀಟ ಬೆಳ್ಳಿಯದ್ದು, ಚಿನ್ನದ ನೀರು ಕೊಟ್ಟದ್ದು. ಹರಳು, ಮುತ್ತು ಯಾವುದೂ ಅಸಲಿಯಲ್ಲ. ಯಕ್ಷಗಾನದ ಚೌಕಿಯಲ್ಲಿ ಕೂತು ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ನಮ್ಮ ವೇಷಧಾರಿ ಅದನ್ನು ಕಟ್ಟದೆ ರಂಗಕ್ಕೆ ಬರುವುದಿಲ್ಲ ಮಾರಾಯ್ರೆ!

ಎರಡನೇ ಸಲ ನೋಡಿದಾಗ ತಿಳಿಯಿತು, ನಾನು ತಪ್ಪು ದೃಶ್ಯಕ್ಕೆ ಕಾದು ಕೂತಿದ್ದೆ ಎಂದು. ನಿಜವಾದ ಪ್ರಸಂಗ ಬೆಳಿಗ್ಗೆಯೇ ಅರಮನೆಯಲ್ಲಿ ಮುಗಿದಿತ್ತು. ಒಂದು ಮೇಜು, ಒಂದು ಪತ್ರ, ಒಂದು ಪೆನ್ನು. ರಾಣಿ ಬಿಯಾಟ್ರಿಕ್ಸ್, ವಯಸ್ಸು 75, ಪಟ್ಟದಲ್ಲಿ 33 ವರ್ಷ, ಸಹಿ ಹಾಕಿದರು. ಅಷ್ಟರಲ್ಲಿ ತಾಯಿ ಮತ್ತೆ ರಾಜಕುಮಾರಿ, ಮಗ ಅರಸ. ಇಬ್ಬರೂ ಕೈ ಕೈ ಹಿಡಿದರು. ಮಧ್ಯಾಹ್ನದ ಇಗರ್ಜಿ, ನಿಲುವಂಗಿ ಎಲ್ಲ ಆ ಸಹಿಯ ಮೇಲಿನ ಅಲಂಕಾರ, ಅಷ್ಟೆ.

ನನಗೆ ಈ ಸಹಿ ನಾಟಿದ್ದಕ್ಕೆ ಮನೆಯ ಕಾರಣ ಉಂಟು. ನಮ್ಮದು ಅಳಿಯಕಟ್ಟಿನ ಮನೆ. ಯಜಮಾನರಾಗಿದ್ದ ಸೋದರಮಾವ ಕಣ್ಣು ಕಾಣದಿದ್ದ ಕಾಲಕ್ಕೂ ಪೆಟ್ಟಿಗೆಯ ಬೀಗದ ಕೈ ಬಿಡಲಿಲ್ಲ. ಅವರು ಹೋದ ಮೇಲೆ ತಲೆದಿಂಬಿನ ಅಡಿಯಿಂದ ಅದನ್ನು ತೆಗೆದದ್ದು. ಬೊಜ್ಜ ಮುಗಿಯುವ ಮೊದಲೇ ಜಗಳ ಶುರು. ಹಾಗಾಗಿ ಜೀವ ಇರುವಾಗಲೇ ಎಲ್ಲರ ಕಣ್ಣೆದುರು ಬಿಟ್ಟುಕೊಟ್ಟ ಕೈಯನ್ನು ನಾನು ಸುಮ್ಮನೆ ನೋಡಲಾರೆ.

ಆದರೆ ವಿಮರ್ಶೆಗೆ ಕೂತವನು ಕಣ್ಣೀರು ಒರೆಸಿಕೊಂಡು ಸಂವಿಧಾನದ ಪುಟವನ್ನೂ ತೆರೆಯಬೇಕು. ಹೀಗೆ ಬಿಟ್ಟುಕೊಡಬೇಕೆಂದು ಅಲ್ಲಿ ಎಲ್ಲೂ ಬರೆದಿಲ್ಲ. ಬಿಟ್ಟರೆ ಮುಂದೇನು ಎಂದಷ್ಟೇ ಉಂಟು. ವಿಲ್ಹೆಲ್ಮಿನಾ 1948ರಲ್ಲಿ, ಜೂಲಿಯಾನಾ 1980ರಲ್ಲಿ, ಆಮೇಲೆ ಬಿಯಾಟ್ರಿಕ್ಸ್, ಸಾಲಾಗಿ ಮೂವರು ಬಿಟ್ಟದ್ದರಿಂದ ಅದೇ ನಿಯಮವೆಂಬ ಭಾವನೆ ಬಂದಿದೆ. 1840ರಲ್ಲಿ ಮೊದಲು ಪಟ್ಟ ಬಿಟ್ಟ ಒಂದನೇ ವಿಲ್ಲೆಮ್‌ನದ್ದಂತೂ ಔದಾರ್ಯವೇ ಅಲ್ಲ. ಬೆಲ್ಜಿಯಂ ಕೈತಪ್ಪಿತ್ತು, ಸಂವಿಧಾನದ ತಿದ್ದುಪಡಿ ಅವನಿಗೆ ರುಚಿಸಲಿಲ್ಲ, ಮೇಲಿಂದ ಅವನು ಮದುವೆಯಾಗಲು ಹೊರಟ ಹೆಂಗಸು ಕೆಥೋಲಿಕಳು, ಬೆಲ್ಜಿಯಂ ಮೂಲದವಳು ಎಂದು ಜನರ ಗೊಣಗಾಟ.

1980ರ ಪಟ್ಟದ ದಿನ ಇಗರ್ಜಿಯ ಹೊರಗೆ ಬೀದಿಯಲ್ಲಿ ಗಲಭೆ. ಮನೆ ಇಲ್ಲವಾದರೆ ಪಟ್ಟವೂ ಇಲ್ಲ ಎಂಬ ಘೋಷಣೆ. ವಾಸಕ್ಕೆ ಮನೆ ಸಿಗದ ಯುವಕರು ಕೂಗಿದ್ದು. ಒಳಗಿನ ಗಾಂಭೀರ್ಯ, ಹೊರಗಿನ ಹೊಗೆ, ಎರಡೂ ಸೇರಿದರೇ ಆ ದಿನದ ಪೂರ್ತಿ ಚಿತ್ರ. 2013ರ ಚೌಕದಲ್ಲಿ ಕಿತ್ತಳೆ ಬಣ್ಣವೇ ತುಂಬಿತ್ತು. ನೋಡಲು ಚಂದ, ನಾಟಕವಾಗಿ ತುಸು ಸಪ್ಪೆ.

ಇನ್ನು ಹೆಣ್ಣಿನ ವಿಷಯ. 1890ರಿಂದ 2013ರವರೆಗೆ ಮೂವರು ರಾಣಿಯರು, 123 ವರ್ಷ. ಕೇಳಿದರೆ ನಮ್ಮ ಕಡೆಯ ಅಜ್ಜಿಯಂದಿರಿಗೆ ಖುಷಿಯಾದೀತು. ಆದರೆ ಅವರು ರಾಣಿಯರಾದದ್ದು ಹೆಣ್ಣಿನ ಹಕ್ಕಿನಿಂದ ಅಲ್ಲ, ಆ ಹೊತ್ತಿಗೆ ಅಣ್ಣತಮ್ಮಂದಿರು ಇಲ್ಲದ್ದರಿಂದ. ಹಿರಿಯ ಮಗು ಹೆಣ್ಣಾದರೂ ಪಟ್ಟ ಅವಳದ್ದೇ ಎಂದಾದದ್ದು 1983ರಲ್ಲಿ. ಆ ತಿದ್ದುಪಡಿಗೆ ಪಟ್ಟದ ಮಟ್ಟಿಗೆ ಇನ್ನೂ ಪರೀಕ್ಷೆಯೇ ಬಂದಿಲ್ಲ. ವಿಲ್ಲೆಮ್-ಅಲೆಕ್ಸಾಂಡರ್ ಹಿರಿಯರೂ ಹೌದು, ಗಂಡೂ ಹೌದು. ಅವರ ಮೂರು ಮಕ್ಕಳೂ ಹೆಣ್ಣು.

ಅದೇ ಸಂವಿಧಾನದಲ್ಲಿ ಹೊಟ್ಟೆಯಲ್ಲಿರುವ ಮಗುವಿಗೂ ಒಂದು ವಿಧಿ ಉಂಟು. ಅರಸ ಸತ್ತಾಗ ಗರ್ಭದಲ್ಲಿದ್ದ ಮಗುವನ್ನು ಹುಟ್ಟಿದ್ದೆಂದೇ ಲೆಕ್ಕ ಹಿಡಿಯಬೇಕು. ಸಂಸತ್ತಿನ ಒಪ್ಪಿಗೆಯಿಲ್ಲದೆ ಮದುವೆಯಾದ ಉತ್ತರಾಧಿಕಾರಿ ಸಾಲಿನಿಂದ ಹೊರಗೆ. 2004ರಲ್ಲಿ ಬಿಯಾಟ್ರಿಕ್ಸರ ಎರಡನೇ ಮಗ ಫ್ರೀಸೊ ಹೊರಗಾದದ್ದು ಹಾಗೆ. ಹುಟ್ಟಿಗೆ ವಿಧಿ, ಮದುವೆಗೆ ವಿಧಿ, ಸಾವಿಗೆ ವಿಧಿ. ನಿನಗೆ ಈ ಕೆಲಸ ಬೇಕಾ ಮಗು ಎಂದು ಕೇಳುವ ವಿಧಿಯನ್ನು ಹುಡುಕಿದೆ, ಕಾಣಲಿಲ್ಲ. ಬೆಳಗಿನ ಆ ಚಂದದ ಸಹಿ ಮುಚ್ಚಿಡುವುದು ಇದನ್ನೇ. ಹೋಗುವವರಿಗೆ ಅಲ್ಲಿ ಪೆನ್ನು ಉಂಟು. ಬರುವವರಿಗೆ ಇಲ್ಲ, ಜನರಿಗೂ ಇಲ್ಲ.

ಇಗರ್ಜಿಯ ಚಿತ್ರೀಕರಣದಲ್ಲಿ ನೀಲಿ ಉಡುಪಿನ ಒಂಬತ್ತು ವರ್ಷದ ಒಬ್ಬ ಹುಡುಗಿ ಕೂತಿದ್ದಾಳೆ, ಕಥಾರೀನಾ-ಅಮಾಲಿಯಾ. ಬೆಳಿಗ್ಗೆ ಅಜ್ಜಿ ಸಹಿ ಹಾಕಿದ ಗಳಿಗೆಯಿಂದ ಅವಳೇ ಮುಂದಿನವಳು. 2021ರಲ್ಲಿ, 18 ತುಂಬುವ ಮೊದಲು, ತನಗೆ ಬರಲಿದ್ದ ವರ್ಷಕ್ಕೆ ಸುಮಾರು 16 ಲಕ್ಷ ಯೂರೋ ಭತ್ಯೆ ಸದ್ಯಕ್ಕೆ ಬೇಡವೆಂದು ಪ್ರಧಾನಿಗೆ ಪತ್ರ ಬರೆದಳು. ಕೆಳಗೆ ಅವಳದ್ದೇ ಸಹಿ.